ಕಿತ್ತು ಹಾಕಿದ ಗುಂಡಿ

ಬಿಮಲಾ ಸೈನಿ ಕೀಬೋರ್ಡಿನ ಆಲ್ಟ್ ಗುಂಡಿ ಒತ್ತಿ ಹಿಡಿದು, ಬಲಗೈಯಿಂದ ಟಕಟಕನೆ ನಾಲ್ಕು ಅಂಕಿ ಹೊಡೆದಳು. ಪರದೆಯ ಮೇಲೆ ಅಕ್ಷರ ಮೂಡಲಿಲ್ಲ. ಕರ್ಸರ್ ಮಾತ್ರ ಅತ್ತಿತ್ತ ಓಡಾಡಿತು. ಮತ್ತೆ ಹೊಡೆದಳು, ಮತ್ತೆ ಅದೇ ರಾಗ. ಹಿಂದಿಯ ಹಳೇ ಫಾಂಟಿನಲ್ಲಿ ಒಂದು ನಲವತ್ತು ಅಕ್ಷರಗಳಿಗೆ ಸ್ವಂತ ಗುಂಡಿಯೇ ಇಲ್ಲ, ಹೀಗೆ ಅಂಕಿ ಹೊಡೆದೇ ಕರೆಯಬೇಕು. ಕರೆದರೂ ಬಾರದಿದ್ದರೆ ಸಾಲಿಗೆರಡು ತಪ್ಪು, ನೌಕರಿಗೆ ದೊಡ್ಡ ನಮಸ್ಕಾರ.

ಜೈಪುರದ ಆ ಪರೀಕ್ಷಾ ಕೇಂದ್ರದಲ್ಲಿ ಕೀಬೋರ್ಡ್ ನೋಡಿಕೊಳ್ಳಲು ಕೊಟ್ಟಿದ್ದು ಐದೇ ನಿಮಿಷ. ಆಮೇಲೆ ಹತ್ತು ನಿಮಿಷದ ಟೈಪಿಂಗ್. ಅವಳ ಮುಂದಿದ್ದದ್ದು ಸೀಕರ್‌ನಿಂದ ಓಢಣಿಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಅವಳದೇ ಕೀಬೋರ್ಡು. ಡಿಸೆಂಬರಿಗೆ ವಯೋಮಿತಿ ಮುಗಿಯುತ್ತದೆ. ಗುಮಾಸ್ತೆಯ ಕೆಲಸ ಸಿಕ್ಕರೆ ಇವತ್ತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ. ಹಾಗಂತ ಕೈಕಾಲು ನಡುಗಿಸುವ ಹೆಂಗಸಲ್ಲ ಅವಳು. ಎಡಗಡೆಯ ಆಲ್ಟ್ ಬಿಟ್ಟು ಬಲಗಡೆಯದು ಒತ್ತಿದಳು. ತಂತಿ ಕಿತ್ತು ಕಂಪ್ಯೂಟರಿನ ಬೇರೆ ತೂತಿಗೆ ಸಿಕ್ಕಿಸಿದಳು. ಊಹೂಂ.

ಮೇಲ್ವಿಚಾರಕ ಪಾರೀಕ್ ಸಾಹೇಬರು ಪಟ್ಟಿ ಹಿಡಿದು ಬಂದರು. "ಏನಮ್ಮಾ, ಕೀಬೋರ್ಡ್ ಕೆಟ್ಟಿದೆಯಾ? ನಮ್ಮದು ತಗೊಳ್ಳಿ. ಆದ್ರೆ ಒಂದ್ಸಲ ಬದಲಾಯಿಸಿದ್ರೆ ಮತ್ತೆ ನಿಮ್ಮದು ಮುಟ್ಟೋ ಹಾಗಿಲ್ಲ."

"ಕೆಟ್ಟಿಲ್ಲ ಸಾಹೇಬ್ರೆ, ಮುನಿಸಿಕೊಂಡಿದೆ. ರಮಿಸ್ತಿದ್ದೀನಿ," ಎಂದಳು ಬಿಮಲಾ. ಕೇಂದ್ರದ ಕೀಬೋರ್ಡುಗಳೋ, ಒಂದೊಂದು ಅಕ್ಷರಕ್ಕೂ ಗುದ್ದಬೇಕು.

ಆಗ ಅವಳ ಕಣ್ಣು ಮೂಲೆಯ ಪುಟ್ಟ ದೀಪದ ಮೇಲೆ ಬಿತ್ತು. ಹಸಿರು ದೀಪ ಆರಿತ್ತು. ಅಯ್ಯೋ ರಾಮಾ, ನಂಬರ್ ಲಾಕ್! ಅದು ಹತ್ತದೆ ಬಲಗಡೆಯ ಅಂಕಿಗಳು ಅಂಕಿಗಳೇ ಅಲ್ಲ. ಒತ್ತೋಣವೆಂದರೆ ಆ ಗುಂಡಿ ಇದ್ದರೆ ತಾನೇ? ಸೀಕರ್‌ನ ಗಿರ್ಧಾರಿ ಮಾಸ್ತರರ ಟೈಪಿಂಗ್ ಶಾಲೆಗೆ ಸೇರಿದ ದಿನವೇ ಶಿಷ್ಯರ ಕೀಬೋರ್ಡಿನಿಂದ ನಂಬರ್ ಲಾಕ್ ಗುಂಡಿ ಕಿತ್ತು ಡಬ್ಬಿಗೆ ಹಾಕುವುದು ಪದ್ಧತಿ. ವೇಗದಲ್ಲಿ ಬೆರಳು ತಗುಲಿ ದೀಪ ಆರಿದರೆ ಪೂರ್ತಿ ಪುಟ ಹಾಳು ಎಂದು ಅವರ ಲೆಕ್ಕ. ಶಾಲೆಯಲ್ಲಿ ಆ ದೀಪ ಆರಿದ್ದನ್ನು ಯಾರೂ ನೋಡಿದ್ದೇ ಇಲ್ಲ. ಇಲ್ಲಿಯ ಕಂಪ್ಯೂಟರುಗಳಲ್ಲಿ ಯಾವ ಪುಣ್ಯಾತ್ಮ ಅದನ್ನು ಆರಿಸಿಟ್ಟಿದ್ದನೋ!

ಗುಂಡಿ ಕಿತ್ತ ತೂತಿಗೆ ಬೆರಳು ಇಳಿಯಲಿಲ್ಲ. ಕೈ ತಾನಾಗಿ ತಲೆಗೆ ಹೋಯಿತು. ಹೇರ್‌ಪಿನ್ನು ಗೇಟಿನ ತಪಾಸಣೆಯಲ್ಲೇ ಹೋಗಿತ್ತು. ಓಲೆ, ಮೂಗುತಿ, ಬಳೆ ಎಲ್ಲಾ ಅಲ್ಲೇ.

"ಒಂದೇ ನಿಮಿಷ ಬಾಕಿ," ಎಂದರು ಪಾರೀಕ್. "ಕೀಬೋರ್ಡ್ ಸರಿಯಿದೆ ಅಂತ ಎಲ್ಲರೂ ಇದರಲ್ಲಿ ಸಹಿ ಹಾಕಬೇಕು. ಆಮೇಲೆ ಅತ್ತು ಕರೆದ್ರೆ ನಾನು ಕೇಳಲ್ಲ."

"ಹಾಕ್ತೀನಿ. ಪೆನ್ನು?"

ಅವರು ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಬಿಮಲಾ ಅದರ ತುದಿಯನ್ನು ತೂತಿಗಿಳಿಸಿ ಮೆಲ್ಲಗೆ ಒತ್ತಿದಳು. ಹಸಿರು ದೀಪ ಹತ್ತಿತು. ಆಲ್ಟ್, ನಾಲ್ಕು ಅಂಕಿ. ಅಕ್ಷರ ಬಂದು ಕೂತಿತು. ಪಾರೀಕ್ ಬಾಯಿ ತೆರೆದು ನೋಡುತ್ತಿರುವಾಗಲೇ ಅವಳು ಪಟ್ಟಿಯಲ್ಲಿ ಸಹಿ ಎಳೆದಳು.

ಪಕ್ಕದ ಕುರ್ಚಿಯಲ್ಲಿ ಮೋನಿಕಾ ಜಾಖಡ್ ಮೂಗೊರೆಸಿಕೊಳ್ಳುತ್ತಿದ್ದಳು. ಇಪ್ಪತ್ತೊಂದರ ಹುಡುಗಿ, ಅದೇ ಗಿರ್ಧಾರಿ ಮಾಸ್ತರರ ಶಿಷ್ಯೆ. ಅವಳ ಕೀಬೋರ್ಡಿನಲ್ಲೂ ಅದೇ ತೂತು, ಅದೇ ಆರಿದ ದೀಪ. ಪಾಪ, ಗಾಬರಿಯಲ್ಲಿ ದೀಪದ ಕಡೆ ನೋಡದೆ ಆಲ್ಟನ್ನೇ ಕುಟ್ಟುತ್ತಿದ್ದಳು. ಲಿಖಿತ ಪರೀಕ್ಷೆಯಲ್ಲಿ ಇಬ್ಬರದೂ ಸರಿಸಮ ಅಂಕ, ಉಳಿದಿದ್ದದ್ದು ಒಂದೇ ಹುದ್ದೆ. ಶಾಲೆಯಲ್ಲಿ ಬಿಮಲಾಗಿಂತ ವೇಗವಾಗಿ ಹೊಡೆಯುವವರು ಯಾರಾದರೂ ಇದ್ದರೆ ಅದು ಇವಳೊಬ್ಬಳೇ. ಸುಳ್ಳು ಯಾಕೆ, ಆ ಕಣ್ಣೀರು ನೋಡಿ ಬಿಮಲಾಗೆ ಒಳಗೊಳಗೇ ಹಿತವಾಯಿತು. ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಮುಂದೆ ನೋಡುತ್ತ ಕೂತರೆ ಸಾಕು. ಕೂತಳು ಕೂಡ. ಮರುಗಳಿಗೆಯೇ ಆ ಹಿತಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಪೆನ್ನು ಕೊಡಿ," ಎಂದು ಪಾರೀಕ್ ಕೈ ಚಾಚಿದರು.

"ಆ ಹುಡುಗಿಯದೂ ಸಹಿ ಆಗಬೇಕಲ್ಲ ಸಾಹೇಬ್ರೆ." ಬಿಮಲಾ ಪೆನ್ನನ್ನು ನೇರ ಮೋನಿಕಾಳ ಕೀಬೋರ್ಡಿನ ತೂತಿಗೇ ಚುಚ್ಚಿದಳು. ದೀಪ ಹತ್ತಿತು. "ಈಗ ಹೊಡಿ ನೋಡೋಣ, ಅಳುಬುರುಕಿ."

"ಏ, ಪರೀಕ್ಷೆ ಕೋಣೆಯಲ್ಲಿ ಮಾತು ಬೇಡ!"

"ಪರೀಕ್ಷೆ ಇನ್ನೂ ಎಲ್ಲಿ ಶುರುವಾಯ್ತು ಸಾಹೇಬ್ರೆ?"

ಪರದೆಯ ಮೇಲೆ ಅಕ್ಷರ ಮೂಡಿದ್ದು ಕಂಡು ಮೋನಿಕಾ ನಂಬದವಳ ಹಾಗೆ ಇವಳತ್ತ ತಿರುಗಿದಳು. "ಅಕ್ಕಾ... ನಿಮಗಿದು ಕೊನೇ ಸಲ ಅಲ್ವಾ? ನನ್ನದ್ಯಾಕೆ ಸರಿಮಾಡಿಕೊಟ್ರಿ?"

ಬಿಮಲಾ ಬೆರಳುಗಳ ನೆಟಿಗೆ ಮುರಿದು ಕೀಬೋರ್ಡಿನ ಮೇಲಿಟ್ಟಳು. "ಕೊನೇ ಸಲ ಅಂತಲೇ ಕಣೇ. ಕಾಲು ಕಟ್ಟಿದ ಒಂಟೆ ಜೊತೆ ಓಡಿ ಗೆದ್ದೆ ಅಂತ ಊರಲ್ಲಿ ಯಾವ ಮುಖ ಇಟ್ಕೊಂಡು ಹೇಳ್ಲಿ? ಹೂಂ, ಕಣ್ಣೊರೆಸ್ಕೋ. ನಾನು ನಿನಗೋಸ್ಕರ ನಿಧಾನ ಮಾಡಲ್ಲ."