ಅತ್ತೆಯ ಹಿಮ್ಮಡಿ, ಸೊಸೆಯ ಶೂ

ಎರಡು ನಿಮಿಷ ಬಿಡುವಿದ್ದಾಗ ಓದಿ... ಧಾರವಾಡದ ಒಂದು ಮನೆಯ ಕಥೆ ಇದು.

ಶೈಲಶ್ರೀಗೆ ಮೂವತ್ತಾರು ವರ್ಷ. ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಓಟದ ಹುಚ್ಚು ಹಿಡಿದಿತ್ತು...

ದಿನಾ ಬೆಳಗಿನ ಜಾವ ಎದ್ದು ಕೆಲಗೇರಿ ಕೆರೆಯವರೆಗೆ ಓಡಿ ಬರುತ್ತಿದ್ದಳು. ಎರಡು ತಿಂಗಳಲ್ಲಿ ಹಾಫ್ ಮ್ಯಾರಥಾನ್ ಇತ್ತು. ಇಪ್ಪತ್ತೊಂದು ಕಿಲೋಮೀಟರ್!

ಆದರೆ ಹನ್ನೆರಡು ಕಿಲೋಮೀಟರ್ ದಾಟಿದರೆ ಸಾಕು, ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಮರುದಿನ ಬ್ಯಾಂಕಿನ ಮೆಟ್ಟಿಲು ಇಳಿಯುವುದೇ ಒಂದು ಸಾಹಸ.

"ಮೇಡಂ, ದಪ್ಪ ಕುಷನ್ ಇರೋ ಶೂ ತೊಗೋರಿ" ಎಂದರು ಓಟದ ಗ್ರೂಪಿನವರು.

ತಂದಳು. ಮೂರು ಬೆರಳು ದಪ್ಪದ ಅಟ್ಟೆ! ಅತ್ತೆ ನೀಲಗಂಗವ್ವ ಒಂದು ಶೂ ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕಳು.

"ಏನವಾ ಇದು... ಬೂಟಿಗೆ ಗಾದಿ ಹಾಕ್ಯಾರಲ್ಲ!"

ಮೊದಲ ಎರಡು ದಿನ ಹತ್ತಿಯ ಮೇಲೆ ಓಡಿದಂತಾಗಿ ಕಾಲು ತೂರಾಡಿತು. ತಿರುವು ಬಂದರೆ ಪಾದ ಹೊರಳುವ ಭಯ. ಮೂರನೆಯ ವಾರಕ್ಕೆ ಹೊಂದಿಕೊಂಡಳು... ಹದಿನಾರು ಕಿಲೋಮೀಟರ್ ಓಡಿದ ಮರುದಿನ ಮೆಟ್ಟಿಲುಗಳನ್ನು ಪಟಪಟನೆ ಇಳಿದಳು!

ಒಂದು ಸಂಜೆ ಶೂ ಒರೆಸುವಾಗ ನೋಡಿದಳು... ಅಟ್ಟೆಯ ಗೀರುಗಳಲ್ಲೆಲ್ಲ ಜೋಳದ ಹಿಟ್ಟು.

ಅತ್ತೆ ಏನೋ ಸ್ವಚ್ಛ ಮಾಡಲು ಹೋಗಿ ಅಡುಗೆಮನೆಗೆ ಒಯ್ದಿರಬೇಕು ಅಂದುಕೊಂಡಳು. ಸಿಟ್ಟು ಬಂತು. ರೇಸಿಗೆ ಉಳಿದದ್ದು ಮೂರೇ ವಾರ.

"ಅತ್ತಿ, ನನ್ನ ಬೂಟ್ ಯಾರೂ ಮುಟ್ಟಬ್ಯಾಡ್ರಿ. ಕೆಟ್ಟರ ಮತ್ತ ಹೊಸಾವು ರೂಢಿ ಆಗಾಕ ತಿಂಗಳ ಬೇಕ."

ನೀಲಗಂಗವ್ವ ಹಂಚಿನ ಕಡೆಗೇ ಮುಖ ಮಾಡಿಕೊಂಡು, "ಇಲ್ಲವಾ... ಮುಟ್ಟಂಗಿಲ್ಲ" ಎಂದಳು.

ಅಂದಿನಿಂದ ಶೂ ಕಪಾಟಿನೊಳಗೆ ಸೇರಿತು. ಕಪಾಟಿಗೆ ಕೀಲಿ.

ಒಂದು ವಾರ ಕಳೆಯಿತು. ಅವತ್ತು ಎಡೆಬಿಡದ ಮಳೆ. ಓಟ ಅರ್ಧಕ್ಕೇ ಬಿಟ್ಟು ಶೈಲಶ್ರೀ ಬೇಗ ಮನೆಗೆ ಬಂದಳು.

ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ರೊಟ್ಟಿ ತಟ್ಟುವ ಸದ್ದು...

ಒಳಗೆ ಇಣುಕಿ ನೋಡಿದವಳು ಅಲ್ಲೇ ನಿಂತುಬಿಟ್ಟಳು.

ಅತ್ತೆ ಒಂದು ಕೈಯಿಂದ ಕಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ರೊಟ್ಟಿ ತಟ್ಟುತ್ತಿದ್ದಳು. ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಹಳೆ ಕಂಬಳಿ. ಎರಡೂ ಹಿಮ್ಮಡಿಗಳಿಗೆ ಪಾತ್ರೆ ತಿಕ್ಕುವ ಸ್ಪಂಜು ಇಟ್ಟು, ಬಟ್ಟೆಯ ಪಟ್ಟಿಯಿಂದ ಬಿಗಿದಿದ್ದಳು...

"ಅತ್ತಿ... ಏನ್ರೀ ಇದು?"

ನೀಲಗಂಗವ್ವ ಗಾಬರಿಯಿಂದ ಸೀರೆಯ ನೆರಿಗೆ ಕೆಳಗೆಳೆದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

"ಏನಿಲ್ಲವಾ. ಹಿಮ್ಮಡ ಒಂದೀಟು ಚುಚ್ಚತಾವ. ಸಾಲಿಯಾಗ ಹತ್ತೊಂಬತ್ತು ವರ್ಷ ಬಿಸಿಯೂಟ ಮಾಡೀನಲ್ಲ... ಕಲ್ಲಿನ ನೆಲ, ದಿನಾ ನಿಂತs ಇರೂದು..."

ತಲೆ ತಗ್ಗಿಸಿ ಹೇಳಿದಳು:

"ನಿನ್ನ ಬೂಟ್ ನಾನs ಹಾಕ್ಕೊಂಡಿದ್ದೆ, ಶೈಲಾ. ಬಿಸಲಿಗೆ ಇಡಾಕ ಹ್ವಾದಾಗ ಸುಮ್ನ ಕಾಲ ತೂರಿಸಿ ನೋಡಿದ್ನಿ. ನಿಂದೂ ನಂದೂ ಒಂದs ಅಳತಿ... ಎಷ್ಟೋ ವರ್ಷದ ಮ್ಯಾಲ ನೆಲ ಚುಚ್ಚಲಿಲ್ಲ ನೋಡವಾ. ಆಸೆ ತಡಿಲಿಲ್ಲ. ನಾಕ ದಿನ ಸಂಜಿಮುಂದ, ನೀ ಬ್ಯಾಂಕಿನಿಂದ ಬರೂದ್ರಾಗ, ಅದನ್ನ ಹಾಕ್ಕೊಂಡs ರೊಟ್ಟಿ ಬಡದೆ. ತಪ್ಪಾತು..."

ಮನೆಯೊಳಗೆ ಯಾರ ಚಪ್ಪಲಿಯನ್ನೂ ಬಿಟ್ಟುಕೊಳ್ಳದ ಹೆಂಗಸು ಆಕೆ! ಒಲೆಯ ಮುಂದೆ ಶೂ ಹಾಕಿಕೊಂಡು ನಿಂತಿದ್ದಳೆಂದರೆ ನೋವು ಎಷ್ಟಿರಬೇಕು...

"ಇಷ್ಟ ನೋವ ಇಟ್ಕೊಂಡು ಇಷ್ಟ ಲಗೂ ಯಾಕ ಏಳ್ತೀರಿ ಅತ್ತಿ? ನಾ ಬಂದು ಮಾಡ್ತಿರಲಿಲ್ಲೇನು?"

"ನೀ ಬಂದು ರೊಟ್ಟಿ ಬಡದು, ಡಬ್ಬಿ ಕಟ್ಟಿ, ಬ್ಯಾಂಕಿಗೆ ಹೋಗೂದು ಆಗತೈತೇನು? ಓಡಿ ಬಂದಾಗ ನಿನ್ನ ಮಾರಿ ನೋಡೀಯೇನು? ಎಷ್ಟ ಖುಷಿ ಇರತಿ! ಅದನ್ಯಾಕ ಬಿಡಿಸ್ಲಿ ನಾನು?"

ಶೈಲಶ್ರೀ ಅತ್ತೆಯ ಕಾಲುಗಳನ್ನೇ ನೋಡಿದಳು.

ಎರಡು ವರ್ಷ... ತಾನು ಓಡುತ್ತಿದ್ದ ಆ ಒಂದೊಂದು ಗಂಟೆಯೂ ಈ ಎರಡು ಹಿಮ್ಮಡಿಗಳ ಮೇಲೆ ನಿಂತಿತ್ತು. ತನ್ನ ಮೊಣಕಾಲಿಗಾಗಿ ಊರೆಲ್ಲ ವಿಚಾರಿಸಿದವಳು, ಪಕ್ಕದಲ್ಲೇ ಇದ್ದ ಈ ಕಾಲುಗಳ ಕಡೆ ಒಮ್ಮೆಯೂ ನೋಡಿರಲಿಲ್ಲ.

ನೆಲದ ಮೇಲೆ ಕೂತು, ಅತ್ತೆಯ ಕಾಲಿನ ಪಟ್ಟಿ ಬಿಚ್ಚಿದಳು. ಬಿಚ್ಚುತ್ತಾ ಬಿಚ್ಚುತ್ತಾ ಗಳಗಳ ಅತ್ತುಬಿಟ್ಟಳು...

"ಏ ಹುಚ್ಚಿ, ಅಳ್ತಾರೇನು? ಏಳು, ರೊಟ್ಟಿ ಹೊತ್ತತಾವ!" ಅನ್ನುತ್ತಲೇ ನೀಲಗಂಗವ್ವ ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವತ್ತೇ ಬ್ಯಾಂಕಿಗೆ ರಜೆ ಹಾಕಿ ಡಾಕ್ಟರ ಬಳಿ ಕರೆದೊಯ್ದಳು. ಅಲ್ಲಿಂದ ನೇರವಾಗಿ ಶೂ ಅಂಗಡಿಗೆ.

ಅಂಗಡಿಯ ಹುಡುಗಿ ಇಳಕಲ್ ಸೀರೆಯ ಅಜ್ಜಿಯನ್ನು ನೋಡಿ ನಗುತ್ತಾ ಕೇಳಿದಳು, "ಅಜ್ಜಿ, ದಿನಾ ಎಷ್ಟು ಕಿಲೋಮೀಟರ್ ಓಡ್ತೀರಿ?"

ನೀಲಗಂಗವ್ವ ನಾಚಿಕೊಂಡು ಹೇಳಿದಳು:

"ನಾ ಓಡಂಗಿಲ್ಲವಾ... ನಾ ನಿಂದರತೀನಿ."

ಆ ಹುಡುಗಿ ಮಂಡಿಯೂರಿ ಕೂತು, ತಾನೇ ಲೇಸ್ ಕಟ್ಟಿದಳು.

ವಿಷಯ ತಿಳಿದ ಶೈಲಶ್ರೀಯ ಗಂಡ ಮಲ್ಲೇಶನೂ ಮರುದಿನದಿಂದ ಹಿಟ್ಟು ನಾದಲು ನಿಂತ. ಅವನ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ... ಅವ್ವ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ರೇಸಿನ ದಿನ ಬಂತು. ಹದಿನೆಂಟನೆಯ ಕಿಲೋಮೀಟರಿನಲ್ಲಿ ಶೈಲಶ್ರೀಯ ಉಸಿರು ಕಟ್ಟಿತ್ತು. ಎಂಥ ಶೂ ಇದ್ದರೂ ಅಷ್ಟು ದೂರ ದೂರವೇ ಅಲ್ಲವೇ...

ರಸ್ತೆಯ ಅಂಚಿನಲ್ಲಿ ಮಗನ ಜೊತೆ ಅತ್ತೆ ನಿಂತಿದ್ದಳು. ಬೆಳಗಿನಿಂದ ಕಾಯುತ್ತಾ...

ಓಡುತ್ತಲೇ ಶೈಲಶ್ರೀ ಕೂಗಿದಳು, "ಅತ್ತೀ... ಕಾಲು ನೋಯ್ತಾವೇನ್ರೀ?"

ನೀಲಗಂಗವ್ವ ಎರಡೂ ಕೈ ಮೇಲೆತ್ತಿ, ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದಳು:

"ಇಲ್ಲವಾ ನನ್ನ ಕೂಸs... ನೀ ಮುಂದ ನೋಡಿ ಓಡು!"

•••

ನಮ್ಮ ಓಟ ಹಗುರವಾಗಿದೆ ಎಂದರೆ, ನಮ್ಮ ಪಾಲಿನ ಭಾರ ಹೊತ್ತು ಯಾರೋ ಎಲ್ಲೋ ನಿಂತಿದ್ದಾರೆ.

ನಿಮ್ಮ ಮನೆಯಲ್ಲಿ ಬೆಳಗಿನಿಂದ ನಿಂತೇ ಇರುವವರನ್ನು "ಕಾಲು ನೋಯುತ್ತಾ?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?