ಮೇಗನ್ ಉಳಿದ ಮನೆ

ಪ್ರವೀತ್‌ನ ಧ್ವನಿ ಕೇಳಿದ ಕೂಡಲೇ ದಮಯಂತಿಗೆ, ಸಿಕ್ಕಿಬಿದ್ದೆ ಅನ್ನಿಸಿತು. ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೇ ಬಿಟ್ಟು, ಒದ್ದೆ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಎಂತ ಬರೆದಿಟ್ಟಿದ್ದೀರಿ ಅಕ್ಕ ನೀವು? ಅಲ್ಲಿ ದೊಡ್ಡ ಗಲಾಟೆ.”

ಅಲ್ಲಿ ಎಂದರೆ ಇಟಲಿ. ಮೇಗನ್ ಎಂಬ ಅಮೆರಿಕದ ಹುಡುಗಿ ಓದಲು ಹೋಗಿ ಅಲ್ಲೊಂದು ಕುಟುಂಬದ ಜೊತೆ ಉಳಿದಿದ್ದಳು. ಹೊಸ ದೇಶಕ್ಕೆ ಹೇಗೆ ಹೊಂದಿಕೊಳ್ಳುತ್ತಿದ್ದೇನೆ ಎಂದು ವಾರವಾರ ಬರೆದು ಕಾಲೇಜಿಗೆ ಕೊಡಬೇಕು. ಅವಳಿಗೆ ಬರೆಯಲು ಬೇಸರ. ಬೇಸರದವರಿಗೆ ಬರೆಸಿಕೊಡುವ ವ್ಯಾಪಾರ ಕಾಸರಗೋಡಿನ ಪ್ರವೀತ್‌ನದು. ಬರೆಯುವವಳು ಪುತ್ತಿಗೆಯ ದಮಯಂತಿ, ಇಂಗ್ಲಿಷ್ ಎಂ.ಎ.

ಅವಳಿಗೆ ಬಿಡುವಿತ್ತು. ಶಿರಿಯದ ಕಡಲ ಬದಿಯ ಮೀನುಗಾರರ ಮನೆಯಿಂದ ಅರ್ಚಕರ ಮನೆಗೆ ಪ್ರೀತಿಸಿ ಮದುವೆಯಾಗಿ ಬಂದ ಸೊಸೆಯನ್ನು ಅತ್ತೆ ದೇವಕಿ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಊಟ ಕೂತಲ್ಲಿಗೇ ಬರುತ್ತಿತ್ತು. “ಇಂಥ ಅತ್ತೆ ಯಾರಿಗುಂಟು ಮಾರಾಯ್ತಿ” ಎಂದು ನೆರೆಮನೆಯ ಸೌಮ್ಯಶ್ರೀ ಕರುಬುತ್ತಿದ್ದಳು. ದಮಯಂತಿ ನಗುತ್ತಿದ್ದಳು.

ಆದರೂ ಮಗಳು ಪೂಜಾಶ್ರೀ ಶಾಲೆಗೆ ಸೇರುವ ಮೊದಲು ಕುಂಬಳೆಯಲ್ಲಿ ಬಾಡಿಗೆ ಮನೆ ಹಿಡಿಯಬೇಕೆಂಬುದು ಅವಳ ಹಟ. ಗಂಡ ಶಶಾಂಕ “ನೋಡುವ” ಎನ್ನುವುದರಲ್ಲೇ ಇದ್ದ. ಬಾಡಿಗೆಯ ದುಡ್ಡಿಗೆ ಈ ಬರೆಯುವ ಕೆಲಸವೊಂದೇ ದಾರಿ.

“ಮನೆಯವರು ಒಳ್ಳೆಯವರು ಅಂತಲೇ ಬರೆದದ್ದಲ್ಲವಾ ನಾನು?” ಎಂದಳು.

“ಅದು ಮೇಲಿನ ಸಾಲಿನಲ್ಲಿ. ಕೆಳಗೆ? ಅವಳಿಗೆ ಊಟದ ಬಟ್ಟಲು ಬೇರೆಯಂತೆ. ಅಡುಗೆಮನೆಯ ಹೊರಗೆ ಕೂರಬೇಕಂತೆ. ಉಂಡ ಜಾಗ ಅವಳೇ ಒರೆಸಬೇಕಂತೆ. ಓದಿದ ಮೇಡಂ ಅತ್ತೇಬಿಟ್ಟಳಂತೆ. ಅದೇ ದಿನ ಕಾಲೇಜಿನವರು ಹೋಗಿ ಹುಡುಗಿಯನ್ನು ಆ ಮನೆಯಿಂದ ಬಿಡಿಸಿದರು.”

“ಬಿಡಿಸಿದರಾ? ಅಷ್ಟಕ್ಕೇ?”

“ಅಷ್ಟಕ್ಕೇ ಅಂತ ಕೇಳ್ತೀರಲ್ಲ! ಆ ಮನೆಯ ಹೆಂಗಸು ಪಾಪ, ಇವಳನ್ನು ಮಗಳ ಹಾಗೆ ಒಂದೇ ಮೇಜಿಗೆ ಕೂರಿಸಿ ಬಡಿಸಿದವಳು. ಕಡೆಗೆ ಮೇಗನ್ ಎಲ್ಲ ಬಾಯಿಬಿಟ್ಟಳು. ನನ್ನ ಹೆಸರು ಹಾಳಾಯಿತು. ಇನ್ನು ನಿಮಗೆ ಕೆಲಸ ಕೊಡ್ಲಿಕ್ಕೆ ಆಗುವುದಿಲ್ಲ ಅಕ್ಕ.”

ದಮಯಂತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ಮನೆಯೊಳಗಿನ ಜನಕ್ಕೆ ಯಾರಾದರೂ ಹಾಗೆ ಮಾಡ್ತಾರಾ? ಎಲ್ಲಿಂದ ಹೊಳೆಯಿತು ನಿಮಗೆ?”

“ಇಟಲಿ ನಾನು ಕಂಡದ್ದಲ್ಲವಲ್ಲ ಪ್ರವೀತ್. ಅಂದಾಜಿಗೆ ಬರೆದೆ.”

ಅವನು ಫೋನ್ ಇಟ್ಟ. ಅವಳು ಬಟ್ಟೆ ಹಿಂಡಿ ಹರವಿದಳು.

ಪೇಟೆಗೆ ಹೋಗಿದ್ದ ದೇವಕಿ ಅಷ್ಟರಲ್ಲಿ ಬಂದರು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳ ಕೈಗೆ ಬಿಸ್ಕತ್ತು ಕೊಟ್ಟು ಗಲ್ಲ ಹಿಂಡಿದರು. ಆಮೇಲೆ ಚೀಲದಿಂದ ಹೊಳೆಯುವ ಹೊಸ ಬಟ್ಟಲೊಂದನ್ನು ತೆಗೆದು, ಹಿಂದಿನ ಜಗಲಿಯ ಮೂಲೆಯಲ್ಲಿ ದಮಯಂತಿಯ ಬಟ್ಟಲಿನ ಪಕ್ಕ ಕವುಚಿಟ್ಟರು.

“ಕೂಸು ದೊಡ್ಡದಾಗುತ್ತಾ ಬಂತಲ್ಲ, ಇನ್ನು ಒಳಗೆ ಬೇಡ. ನಿನ್ನ ಹತ್ತಿರವೇ ಕೂತು ಉಣ್ಣಲಿ.”