ರಟ್ಟಿನ ಮೂಗು

ಮಾತು ಆಡಿದರೆ ಹೋಯಿತು, ಮೂಗು ಮೆತ್ತಿದರೆ ಹೋಯಿತು. ನಗಬೇಡಿ, ಇದು ಲಂಡನ್ನಿನ ಬೀದಿಯಲ್ಲಿ ನಡೆದ ಸಂಗತಿ. ಬಾಡಿಗೆ ಏರಿಕೆಯ ವಿರುದ್ಧ ಹೊರಟ ಮೆರವಣಿಗೆಯಲ್ಲಿ ಕ್ಯಾಲಮ್ ಎಂಬವನು ಹಿಂದಿನಿಂದ ಬಂದು, ತಾನೇ ಮಾಡಿದ ಮುಖವಾಡವನ್ನು ಮುಂದೆ ನಡೆಯುತ್ತಿದ್ದ ಯಹೂದಿ ಸಂಗಾತಿ ಹೆಟ್ಟಿಯ ತಲೆಗೆ ಸಿಕ್ಕಿಸಿದ. ಮನೆ ಮಾಲೀಕನ ಮುಖ: ಯಹೂದಿಗಳನ್ನು ಅಣಕಿಸಲು ಬರೆಯುವಂಥ ಗಿಣಿಕೊಕ್ಕಿನ ಮೂಗು, ಟೋಪಿಯ ಮೇಲೆ ಯಹೂದಿಗಳ ಆರು ಮೂಲೆಯ ನಕ್ಷತ್ರ.

"ಅಳತೆ ತಗೊಳ್ದೇನೇ ಎಷ್ಟು ಸರಿಯಾಗಿ ಕೂತಿದೆ ನೋಡ್ರೋ! ಮುನಿಸ್ಕೋಬೇಡಿ ಕಾಮ್ರೇಡ್, ಯಹೂದಿ ಆದ್ರೂ ನೀವು ಒಳ್ಳೆಯವ್ರು" ಎಂದ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೆಟ್ಟಿ ಮುಖವಾಡ ತೆಗೆಯಲಿಲ್ಲ. ಅಂದು ಘೋಷಣೆ ಕೂಗಿಸುವವಳು ಅವಳೇ. ರಟ್ಟಿನ ಬಾಯಿಗೆ ಮೈಕು ಹಿಡಿದು "ಬಾಡಿಗೆ ಇಳಿಸಿ!" ಎಂದಳು. "ಬಾಡಿಗೆ ಇಳಿಸಿ!" ಎಂದಿತು ಬೀದಿ. "ಮನೆ ಎಲ್ಲರಿಗೂ!" "ಮನೆ ಎಲ್ಲರಿಗೂ!" "ಯಹೂದಿಗಳನ್ನ ಬಿಟ್ಟು!" "ಯಹೂದಿಗಳನ್ನ ಬಿಟ್ಟು!" ಎಂದು ಅದೇ ಹುರುಪಿನಲ್ಲಿ ಕೂಗಿದ ಗಂಟಲುಗಳು, ತಮ್ಮ ಕೂಗು ತಮಗೇ ಕೇಳಿಸಿ ಥಟ್ಟನೆ ನಿಂತವು. ಕ್ಯಾಲಮ್ ಎತ್ತಿದ ಮುಷ್ಟಿ ಎತ್ತಿದಲ್ಲೇ ಉಳಿಯಿತು.

"ಯಾಕೋ ನಿಲ್ಲಿಸ್ದೆ? ನಿನ್ನ ಮೂಗು ಹೇಳಿದ್ದನ್ನೇ ತಾನೇ ನಾನು ಹೇಳಿದ್ದು?"

ಮುಖವಾಡದೊಳಗಿಂದ, ಮೈಕಿನಲ್ಲಿ, ಹೆಟ್ಟಿ ಒಬ್ಬಳೇ ಬೀದಿ ತುಂಬ ನಕ್ಕಳು.